ದತ್ತಕದ ಹಕ್ಕು: ಕಿತ್ತೂರಿನಿಂದ ನರಗುಂದದವರೆಗೆ

‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯನ್ನು ಡಾಲ್‌ಹೌಸಿಯ ಹೆಸರಿನೊಂದಿಗೇ ನಾವು ಶಾಲೆಯಲ್ಲಿ ಓದಿದ್ದೇವೆ. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅದಕ್ಕೆ 24 ವರ್ಷ ಮೊದಲೇ ಕಿತ್ತೂರು ಆ ನೀತಿಯ ಬಿಸಿಯನ್ನು ಉಂಡಿತ್ತು. ಚೆನ್ನಮ್ಮನ ಶೌರ್ಯವನ್ನು ಹಾಡಿ ಹೊಗಳುವ ನಾವು, ಆಕೆ ಕತ್ತಿ ಹಿಡಿಯುವಂತೆ ಮಾಡಿದ ಒಂದು ಕಾಗದವನ್ನು ಅಷ್ಟಾಗಿ ನೆನೆಯುವುದಿಲ್ಲ.

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿರುವುದಾಗಿ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಪತ್ರ ಹೋಯಿತು. ಪತ್ರದ ಮೇಲಿನ ಸಹಿಯೇ ದೇಸಾಯಿಯದಲ್ಲ ಎಂದು ಥ್ಯಾಕರೆ ಅನುಮಾನಿಸಿದ. ಸಹಿಯ ಮಾತು ಹಾಗಿರಲಿ, ಒಂದು ಮನೆತನ ತನ್ನ ವಾರಸುದಾರನನ್ನು ಆರಿಸಲು ಕಂಪನಿಯ ಅಪ್ಪಣೆ ಏಕೆ ಬೇಕು ಎಂಬುದು ಚೆನ್ನಮ್ಮನ ಪ್ರಶ್ನೆಯಾಗಿತ್ತು. ಥ್ಯಾಕರೆ ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಡೆಯಲು ತೋಪುಗಳನ್ನು ತಂದವನು ಅದೇ ಬಾಗಿಲ ಮುಂದೆ ಹೆಣವಾದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದಿತು, ಕೋಟೆ ಬಿದ್ದಿತು. ಬೈಲಹೊಂಗಲದ ಸೆರೆಯಲ್ಲೇ ಚೆನ್ನಮ್ಮ 1829ರಲ್ಲಿ ಕೊನೆಯುಸಿರೆಳೆದಳು.

ಶಿವಲಿಂಗಪ್ಪನ ಹಕ್ಕು ಅಲ್ಲಿಗೆ ಮುಗಿಯಲಿಲ್ಲ. ಅವನನ್ನೇ ಗದ್ದುಗೆಗೆ ತರುತ್ತೇನೆಂದು ಸಂಗೊಳ್ಳಿ ರಾಯಣ್ಣ ಎದ್ದ. ಕಂಪನಿ ಅವನ ಇನಾಂ ಭೂಮಿಗೂ ಕೈಹಾಕಿತ್ತು. ಅರಮನೆಯ ದತ್ತಕದ ಸಿಟ್ಟು ಹೊಲದ ಬದುವಿಗೆ ಇಳಿದದ್ದು ಇಲ್ಲಿಯೇ. ರಾಯಣ್ಣನ ಬಂಟರು ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟರು, ಕಂದಾಯದ ದಫ್ತರಗಳನ್ನು ಸುಟ್ಟರು. ರೈತನ ಹೊಲ ಯಾರದೆಂದು ತೀರ್ಮಾನಿಸುತ್ತಿದ್ದುದು ಆ ದಫ್ತರಗಳೇ ಆಗಿದ್ದವು. ತಾನು ಯಾವುದನ್ನು ಸುಡಬೇಕೆಂಬುದು ರಾಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ಕೈಯಲ್ಲಿ ಕತ್ತಿಯಿಲ್ಲದ ಹೊತ್ತಿನಲ್ಲಿ, ನಮ್ಮವರೇ ಅವನನ್ನು ಹಿಡಿದುಕೊಟ್ಟರು. ಈ ಸಾಲು ಬರೆಯುವಾಗ ಇಂದಿಗೂ ಕರುಳು ಹಿಂಡುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಡಾಲ್‌ಹೌಸಿಯ ಕಾಲಕ್ಕೆ ಸತಾರಾ, ಝಾನ್ಸಿ, ನಾಗಪುರ ಒಂದೊಂದಾಗಿ ಕಂಪನಿಯ ಪಾಲಾದವು. ಕನ್ನಡ ನಾಡಿನಲ್ಲಿ ಅದೇ ಏಟು ಬಿದ್ದದ್ದು ನರಗುಂದಕ್ಕೆ. ಅಲ್ಲಿನ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದ ಓದುಗ. ದತ್ತಕಕ್ಕೆ ಅನುಮತಿ ಕೇಳಿದ, ಸಿಗಲಿಲ್ಲ. 1858ರ ಮೇ ತಿಂಗಳ ಕೊನೆಯಲ್ಲಿ ಅವನ ಕಡೆಯವರು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು.

1857–58ರ ದಂಗೆಯ ಬಳಿಕವೇ ಬ್ರಿಟಿಷರು ನೀತಿ ಬದಲಿಸಿದರು. ಸಂಸ್ಥಾನಿಕರಿಗೆ ದತ್ತಕದ ಸನದುಗಳು, ಅಂದರೆ ದತ್ತು ಪಡೆಯಲು ಒಪ್ಪಿಗೆಯ ಪತ್ರಗಳು, ಬಂದವು. ರಾಯಣ್ಣ ಸತ್ತ ವರ್ಷವೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಳ್ಳಲಾಗಿತ್ತು. ಅವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ಶಿವಲಿಂಗಪ್ಪನಿಗೆ ಸಿಗದ ಒಪ್ಪಿಗೆ ಎರಡು ವರ್ಷಗಳಲ್ಲೇ ಆ ಮಗುವಿಗೆ ಸಿಕ್ಕಿತು. ಮುಮ್ಮಡಿಯವರು ತೀರಿಕೊಂಡ ವರ್ಷ, 1868ರಲ್ಲಿ, ಐದರ ಹರೆಯದ ಚಾಮರಾಜೇಂದ್ರರು ಮೈಸೂರಿನ ಸಿಂಹಾಸನವೇರಿದರು.