ಕಾರಿನ ಎಂಜಿನ್, ನೀರಿನ ಪಾಡು: ವೇಗದ ದೋಣಿಯ ವಾಲ್ವ್‌ಗಳ ಕಥೆ

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಹಿಂದಿನ ಗಲ್ಲಿಯೊಂದರ ಹೆಡ್ ಕೆಲಸದ ಅಂಗಡಿಗೆ ಗೋಣಿಚೀಲದಲ್ಲಿ ಸುತ್ತಿದ ಎರಡು ಸಿಲಿಂಡರ್ ಹೆಡ್‌ಗಳು, ಅಂದರೆ ವಾಲ್ವ್‌ಗಳನ್ನು ಹೊತ್ತ ಎಂಜಿನ್ನಿನ ಮೇಲ್ಭಾಗಗಳು, ಬಂದವು. ಅಲ್ಲಿಗೆ ದಿನವೂ ಬರುವುದು ಟ್ರ್ಯಾಕ್ಟರ್, ಲಾರಿ, ಭತ್ತ ಕೊಯ್ಯುವ ಯಂತ್ರಗಳ ಹೆಡ್. ಇವು ಮಾತ್ರ ಕರಾವಳಿಯಲ್ಲಿ ಓಡುವ ವೇಗದ ದೋಣಿಯೊಂದರ ಅಮೆರಿಕನ್ ವಿ-8 (ಎಂಟು ಸಿಲಿಂಡರಿನ) ಪೆಟ್ರೋಲ್ ಎಂಜಿನ್ನಿನವು. ದೋಣಿಯ ಮಾಲೀಕರ ಬೀಗರು ಇಲ್ಲಿಯವರು. ಬೀಗರಿಗೆ ಮೇಸ್ತ್ರಿಯ ಕೈಗುಣದ ಮೇಲೆ ನಂಬಿಕೆ. ದೋಣಿ ಎಂದರೆ ತುಂಗಭದ್ರೆಯ ಹರಿಗೋಲು ಎಂದಷ್ಟೇ ತಿಳಿದಿರುವ ಊರಿಗೆ ಸಮುದ್ರದ ಹೆಡ್ ಘಟ್ಟ ಹತ್ತಿ ಬಂದದ್ದು ಹೀಗೆ.

ಉರಿದ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳಲ್ಲಿ ಒಂದರ ತಲೆಯೇ ಕಿತ್ತುಹೋಗಿತ್ತು. ಉಳಿದ ಏಳರ ಸೀಟುಗಳು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚುಗಳು, ಹೆಡ್ಡಿನೊಳಕ್ಕೆ ಕುಸಿದಿದ್ದವು. ಮೇಸ್ತ್ರಿ ಒಂದೊಂದು ವಾಲ್ವ್ ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಮೂರರಲ್ಲಿ ಉಗುರು ಸಿಕ್ಕಿಕೊಂಡಿತು. ಅಂಚು ಹಳೆಯ ಕತ್ತಿಯ ಬಾಯಿಯಂತೆ ತೆಳುವಾಗಿ, ಅಲ್ಲಲ್ಲಿ ಕಚ್ಚು ಬಿದ್ದಿತ್ತು.

ಯಾವ ಸಾಮಾನು ಹಾಕಬೇಕು ಎಂಬ ಪ್ರಶ್ನೆಗೆ ಮಾಲೀಕರ ಮೊಬೈಲಿನಲ್ಲಿ ಸಲಹೆಗಳ ಸಂತೆಯೇ ಇತ್ತು. ಚಪ್ಪಟೆ ತಳದ ಟ್ಯಾಪೆಟ್ ಸಾಕು ಎಂದು ಒಬ್ಬರು, ತಳದಲ್ಲಿ ಉರುಳೆಯಿರುವ ರೋಲರ್ ಟ್ಯಾಪೆಟ್ ಇಲ್ಲದಿದ್ದರೆ ದೋಣಿಯನ್ನು ನೀರಿಗಿಳಿಸಲೇಬೇಡಿ ಎಂದು ಇನ್ನೊಬ್ಬರು. ಸೋಡಿಯಂ ತುಂಬಿದ ವಾಲ್ವ್ ಎಂದು ಒಬ್ಬರು, ಇಂಕೊನೆಲ್ ಎಂದು ಮತ್ತೊಬ್ಬರು. ಕೂತು ಬಿಡಿಸಿ ನೋಡಿದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಮಾತು ಒಂದೊಂದು ದಶಕಕ್ಕೆ ಸರಿ.

ಮೊದಲು ಕೆಲಸ ಏನೆಂದು ನೋಡೋಣ. ಕ್ಯಾಮ್‌ಶಾಫ್ಟಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು. ರಾಕರಿನ ಇನ್ನೊಂದು ತುದಿ ವಾಲ್ವನ್ನು ಕೆಳಕ್ಕೆ ಒತ್ತಿ ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಪ್ರತಿ ವಾಲ್ವ್ 2,500 ಸಲ ತೆರೆದು ಮುಚ್ಚುತ್ತದೆ. ಗಂಟೆಗೆ ಒಂದೂವರೆ ಲಕ್ಷ ಸಲ. ನೂರು ಗಂಟೆಗೆ ಒಂದೂವರೆ ಕೋಟಿ.

ವೇಗದ ದೋಣಿಗಳ ಮೊದಲ ಕಾಲ ವಿಮಾನದ ಎಂಜಿನ್ನುಗಳದು. 1932ರಲ್ಲಿ ಅಮೆರಿಕದ ದೋಣಿ ಪಂದ್ಯಗಾರ ಗಾರ್ ವುಡ್ ನಾಲ್ಕು ಪ್ಯಾಕರ್ಡ್ ವಿ-12 ಎಂಜಿನ್ ಕೂರಿಸಿದ ದೋಣಿಯಲ್ಲಿ ಗಂಟೆಗೆ 124 ಮೈಲಿ ದಾಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಆಲಿಸನ್, ಮರ್ಲಿನ್ ವಿಮಾನ ಎಂಜಿನ್ನುಗಳು ಪಂದ್ಯದ ದೋಣಿ ಸೇರಿದವು. ಸೋಡಿಯಂ ವಾಲ್ವ್‌ನ ಸಲಹೆ ಬಂದದ್ದು ಈ ಮನೆತನದಿಂದ. ಪೊಳ್ಳು ಕಾಂಡದೊಳಗೆ ತುಂಬಿದ ಸೋಡಿಯಂ ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, ಕುಲುಕಾಡುತ್ತ ತಲೆಯ ಬಿಸಿಯನ್ನು ಕಾಂಡಕ್ಕೆ ಸಾಗಿಸುತ್ತದೆ. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ಎಂಜಿನ್ನಿನಲ್ಲೂ ಇಂಥವೇ ವಾಲ್ವ್‌ಗಳಿದ್ದವು. ಜಾಣ ಉಪಾಯ, ಅನುಮಾನವಿಲ್ಲ. ಆದರೆ ಪೊಳ್ಳು ಕಾಂಡ ಪೊಳ್ಳು ಕಾಂಡವೇ, ಘನ ಕಾಂಡದಷ್ಟು ಗಟ್ಟಿಯಲ್ಲ.

ಆಮೇಲೆ ಕಾರಿನ ಎಂಜಿನ್ ನೀರಿಗಿಳಿಯಿತು. ಷೆವರ್ಲೆ 1955ರಲ್ಲಿ ಸಣ್ಣ ವಿ-8 ಎಂಜಿನ್ನನ್ನೂ 1965ರಲ್ಲಿ ‘ಬಿಗ್ ಬ್ಲಾಕ್’ ಎಂಬ ದೊಡ್ಡದನ್ನೂ ತಂದಿತು. ಇದರ ನಡುವೆ ಎಂಜಿನ್ ದೋಣಿಯ ಒಳಗೂ ಪ್ರೊಪೆಲರಿನ ಕಾಲು ಹಿಂಬದಿಯಲ್ಲೂ ಇರುವ ಏರ್ಪಾಡು ಬಂತು: 1959ರಲ್ಲಿ ವೋಲ್ವೊ ಪೆಂಟಾದ್ದು, 1961ರಲ್ಲಿ ಮರ್ಕ್ರೂಸರ್. ಅಲ್ಲಿಂದ ಮುಂದೆ ಕಾರಿಗೆಂದು ಲಕ್ಷಗಟ್ಟಲೆ ಎರಕ ಹೊಯ್ದ ಬ್ಲಾಕುಗಳಲ್ಲಿ ಒಂದಿಷ್ಟನ್ನು ಆರಿಸಿ, ತುಕ್ಕು ತಡೆಯುವ ಸಾಮಾನು ಜೋಡಿಸಿ, ಬಣ್ಣ ಬಳಿದು ದೋಣಿಗೆ ಕೂರಿಸುವುದು ರೂಢಿಯಾಯಿತು. ಅಗ್ಗ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಮೆಕ್ಯಾನಿಕ್‌ಗಳಿಗೆ ಗೊತ್ತು. ತಪ್ಪೇನೂ ಇಲ್ಲ. ಆದರೆ ಅಂದಿನಿಂದ ದೋಣಿಯ ವಾಲ್ವ್‌ನ ಹಣೆಬರಹವನ್ನು ಕಾರು ಬರೆಯತೊಡಗಿತು.

ಮೊದಲ ಪೆಟ್ಟು ಸೀಸದ್ದು. ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸುತ್ತಿದ್ದುದು, ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಎಂಜಿನ್ ಬಡಿದುಕೊಳ್ಳುವುದನ್ನು ತಡೆಯಲು; ಅದರ ಈ ಗುಣ ಗೊತ್ತಾದದ್ದು 1921ರಲ್ಲಿ. ಅದರ ಬೂದಿ ವಾಲ್ವ್ ಮತ್ತು ಸೀಟಿನ ನಡುವೆ ತೆಳುವಾದ ಹಾಸಾಗಿ ಕೂರುತ್ತಿತ್ತು ಎಂಬುದು ಅಚ್ಚರಿಯ ಲಾಭ. ಹಾಸು ಇರುವವರೆಗೆ ಸಾದಾ ಎರಕದ ಕಬ್ಬಿಣದ ಸೀಟು ಸಾಕಾಗುತ್ತಿತ್ತು. ಸೀಸ ಮಕ್ಕಳ ಮಿದುಳಿಗೆ ವಿಷ, ಅದು ಹೋಗಲೇಬೇಕಿತ್ತು. ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದ ಕೆಲಸ ನಮ್ಮ ದೇಶದಲ್ಲಿ 2000ದ ಫೆಬ್ರುವರಿಗೆ ಪೂರ್ತಿಯಾಯಿತು. ಹಾಸು ಹೋದ ಮೇಲೆ ಕಾದ ವಾಲ್ವ್ ಮುಚ್ಚುವಾಗಲೆಲ್ಲ ಸೀಟಿನ ಕಬ್ಬಿಣದ ಕಣಕ್ಕೆ ಅಂಟಿ, ತೆರೆಯುವಾಗ ಕಿತ್ತುಕೊಂಡು ಬರುತ್ತದೆ. ಸೀಟು ದಿನದಿನಕ್ಕೆ ಕುಸಿಯುತ್ತದೆ.

ಇದನ್ನು ದಾವಣಗೆರೆಯ ಮೇಸ್ತ್ರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಪೆಟ್ರೋಲ್ ಕಾರುಗಳಿಗೆ ಸೀಸವಿಲ್ಲದ ಗ್ಯಾಸ್ ಹಾಕಿಸಿದ ಕಾಲದಲ್ಲಿ ಇದೇ ಕಾಯಿಲೆ ಸಾಲುಗಟ್ಟಿ ಬಂದಿತ್ತು. ಟ್ಯಾಪೆಟ್ ಸೆಟ್ ಮಾಡಿ ಕಳಿಸಿದರೆ ಕೆಲವೇ ವಾರಗಳಲ್ಲಿ ರಾಕರ್ ಮತ್ತು ವಾಲ್ವ್ ನಡುವಿನ ಗ್ಯಾಪ್ ಮುಚ್ಚಿಕೊಂಡು, ಬೆಳಗಿನ ಹೊತ್ತು ಸ್ಟಾರ್ಟ್ ಆಗದೆ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಗ್ಯಾಪಿನೊಳಕ್ಕೆ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹೋಗದಿದ್ದರೆ ಸೀಟು ಕುಸಿದಿದೆ ಎಂದೇ ಅರ್ಥ. ದೋಣಿಯ ವಿ-8ರಲ್ಲಿ ಈ ಸುಳಿವೂ ಸಿಗುವುದಿಲ್ಲ. ಅದರದು ಎಣ್ಣೆಯ ಒತ್ತಡದಿಂದ ಗ್ಯಾಪನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್. ಸೀಟು ಕುಸಿದಷ್ಟೂ ಅದು ಕುಗ್ಗಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಕುಗ್ಗಲು ಜಾಗ ಮುಗಿದ ದಿನ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಕಳೆದುಕೊಳ್ಳುವುದೇ ಸೀಟಿನ ಮೂಲಕ. ಆ ದಾರಿ ಮುಚ್ಚಿತೆಂದರೆ ಕಥೆ ಮುಗಿಯಿತು.

ಕಾರು ಕಂಪನಿಗಳು ಸೀಟಿನ ಅಂಚನ್ನು ಕಾಯಿಸಿ ಗಟ್ಟಿಗೊಳಿಸಿದವು. ಕಾರಿಗೆ ಅದು ಸಾಕಾಯಿತು. ಹೆದ್ದಾರಿಯಲ್ಲಿ ಹೋಗುವ ಕಾರು ಎಂಜಿನ್ನಿನ ಶಕ್ತಿಯಲ್ಲಿ ಸ್ವಲ್ಪವನ್ನಷ್ಟೇ ಬಳಸುತ್ತದೆ. ದೋಣಿಗೆ ಇಳಿಜಾರೆಂಬುದಿಲ್ಲ, ಟಾಪ್ ಗೇರ್ ಎಂಬ ವಿಶ್ರಾಂತಿಯೂ ಇಲ್ಲ. ಲೋಡ್ ತುಂಬಿದ ಲಾರಿ ಬೆಳಗಿನಿಂದ ಸಂಜೆವರೆಗೆ ಆಗುಂಬೆ ಘಾಟಿಯನ್ನು ಹತ್ತುತ್ತಲೇ ಇದ್ದರೆ ಹೇಗೋ ಹಾಗೆ. ಗಟ್ಟಿ ಮಾಡಿದ ಪದರವೂ ತೆಳು. ಸೀಟನ್ನು ಕೊರೆದು ಸಮಮಾಡುವ ಸೀಟ್ ಕಟಿಂಗ್ ಒಮ್ಮೆ ಮಾಡಿಸಿದರೆ ಹಲವು ಸಲ ಅದೇ ಹೊರಟುಹೋಗಿರುತ್ತದೆ.

ಎರಡನೇ ಪೆಟ್ಟು ಎಣ್ಣೆಯದು. ಚಪ್ಪಟೆ ಟ್ಯಾಪೆಟ್ ಕ್ಯಾಮಿನ ಉಬ್ಬಿನ ಮೇಲೆ ಉಜ್ಜುತ್ತಲೇ ಬದುಕುವ ಸಾಮಾನು. ಲೋಹಕ್ಕೆ ಲೋಹ ತಾಗದಂತೆ ಕಾಯುತ್ತಿದ್ದುದು ಎಣ್ಣೆಯಲ್ಲಿದ್ದ ಸತು ಮತ್ತು ರಂಜಕದ ಸಂಯುಕ್ತ. ಆದರೆ ರಂಜಕ ಕಾರಿನ ಹೊಗೆ ಶುದ್ಧೀಕರಿಸುವ ಕನ್ವರ್ಟರನ್ನು ಹಾಳುಮಾಡುತ್ತದೆಂದು ಅದರ ಪ್ರಮಾಣ ಇಳಿಸುತ್ತ ಬಂದರು. 2004ರಲ್ಲಿ ಬಂದ ಎಸ್‌ಎಂ ದರ್ಜೆಯ ತೆಳು ಎಣ್ಣೆಗಳಿಗೆ ಶೇ 0.08ರ ಮಿತಿ ಬಿತ್ತು. ಅಷ್ಟುಹೊತ್ತಿಗೆ ಹೊಸ ಕಾರುಗಳಲ್ಲಿ ಬಹುಪಾಲಿಗೆ ಇದರ ಗೊಡವೆ ಇರಲಿಲ್ಲ. ಷೆವರ್ಲೆಯ ಸಣ್ಣ ವಿ-8 1987ರಲ್ಲೇ ರೋಲರ್ ಟ್ಯಾಪೆಟ್ಟಿಗೆ ಹೊರಳಿತ್ತು. ಉಳಿದವರು ಹಳೆಯ ಎಂಜಿನ್ನಿನವರು. ಅವರಲ್ಲಿ ದೋಣಿಯವರೇ ಹೆಚ್ಚು ಭಾರ ಹೊರುವವರು. ಕ್ಯಾಮ್ ಸವೆದು ಉಬ್ಬು ಗುಂಡಗಾದ ದೂರುಗಳು ಆಗ ಶುರುವಾದವು. ಚಪ್ಪಟೆ ಟ್ಯಾಪೆಟ್ ಸಾಕು ಎನ್ನುವವರು ಹಳೆಯ ಎಣ್ಣೆಯ ಕಾಲದ ಮಾತು ಹೇಳುತ್ತಿದ್ದಾರೆ. ಆ ಎಣ್ಣೆ ಈಗ ಎಲ್ಲ ಡಬ್ಬಿಯಲ್ಲೂ ಇಲ್ಲ.

ಇನ್ನೆರಡು ತೊಂದರೆಗಳು ನೀರಿನವೇ. ಅಲೆಯ ಮೇಲೆ ದೋಣಿ ಹಾರಿ ಪ್ರೊಪೆಲರ್ ಗಾಳಿಗೆ ಬಂದ ಗಳಿಗೆಯಲ್ಲಿ ಹೊರೆ ತಪ್ಪಿ ಎಂಜಿನ್ ಒಮ್ಮೆಲೇ ಕಿರುಚುತ್ತದೆ. ಸ್ಪ್ರಿಂಗ್ ಸೋತಿದ್ದರೆ ವಾಲ್ವ್ ಕ್ಯಾಮನ್ನು ಹಿಂಬಾಲಿಸಲಾರದೆ ತೇಲುತ್ತದೆ, ಸೀಟಿನ ಮೇಲೆ ಸುತ್ತಿಗೆಯಂತೆ ಬೀಳುತ್ತದೆ. ಇನ್ನೊಂದು, ದೋಣಿಯ ಎಕ್ಸಾಸ್ಟ್ ಕೊಳವೆಗೆ ತಂಪು ಮಾಡಲೆಂದು ಸಮುದ್ರದ ನೀರನ್ನೇ ಬಿಡುತ್ತಾರೆ. ಗಾಳಿ-ಪೆಟ್ರೋಲನ್ನು ಒಳಬಿಡುವ ಇಂಟೇಕ್ ಮತ್ತು ಎಕ್ಸಾಸ್ಟ್, ಎರಡೂ ವಾಲ್ವ್ ಒಟ್ಟಿಗೆ ಹೆಚ್ಚು ಹೊತ್ತು ತೆರೆದಿರುವ ಪಂದ್ಯದ ಕ್ಯಾಮ್ ಹಾಕಿದರೆ ನಿಧಾನ ಓಟದಲ್ಲಿ ಆ ಉಪ್ಪುನೀರು ಹಿಮ್ಮುಖವಾಗಿ ಸಿಲಿಂಡರಿನತ್ತ ಸೆಳೆಯಲ್ಪಡುತ್ತದೆ. ಮೇಸ್ತ್ರಿಯ ಉಗುರಿಗೆ ಸಿಕ್ಕಿದ ಕಚ್ಚುಗಳಲ್ಲಿ ಒಂದೆರಡು ಸುಟ್ಟದ್ದಲ್ಲ, ತುಕ್ಕಿನವು.

ಹಾಗಾದರೆ ಏನು ಹಾಕಬೇಕು? ಎಕ್ಸಾಸ್ಟಿಗೆ ಇಂಕೊನೆಲ್ ವಾಲ್ವ್. ನಿಕ್ಕೆಲ್ ಮಿಶ್ರಲೋಹವಾದ ಇದು ಸಾದಾ ಸ್ಟೇನ್‌ಲೆಸ್ ಮೆತ್ತಗಾಗುವ ಬಿಸಿಯಲ್ಲೂ ಗಟ್ಟಿ ನಿಲ್ಲುತ್ತದೆ. ಇಂಟೇಕಿಗೆ ಸ್ಟೇನ್‌ಲೆಸ್ ಧಾರಾಳ ಸಾಕು, ಅಲ್ಲಿ ಸುರಿಯುವ ದುಡ್ಡು ತೋರಿಕೆಯದು. ಹೆಡ್ಡಿನಲ್ಲಿ ಗೂಡು ಕೊರೆದು ಗಟ್ಟಿ ಲೋಹದ ಸೀಟುಗಳನ್ನು ಬಿಗಿಯಾಗಿ ಕೂರಿಸಬೇಕು, ವಾಲ್ವ್ ಕಾಂಡ ಜಾರುವ ಗೈಡುಗಳು ಕಂಚಿನವಾಗಿರಬೇಕು. ಟ್ಯಾಪೆಟ್ ಹೈಡ್ರಾಲಿಕ್ ರೋಲರ್. ಪಂದ್ಯದವರು ಮೆಚ್ಚುವ ಘನ ರೋಲರ್ ಟ್ಯಾಪೆಟ್ಟಿಗೆ ಬಿರುಸು ಸ್ಪ್ರಿಂಗ್ ಬೇಕು. ಅಳಿವೆಯಲ್ಲಿ, ಬಂದರಿನಲ್ಲಿ ನಿಧಾನ ಓಡಿಸುವಾಗ ಎಣ್ಣೆಯ ಚಿಮುಕು ಕಡಿಮೆಯಾಗಿ ಅದರ ಪುಟ್ಟ ಸೂಜಿ ಬೇರಿಂಗುಗಳು ಆ ಒತ್ತಡದಲ್ಲಿ ಸಾಯುತ್ತವೆ. ರಾಕರ್ ಉಕ್ಕಿನದು, ಹೊಳೆಯುವ ಅಲ್ಯೂಮಿನಿಯಂ ರಾಕರ್ ಹಗುರ ನಿಜ, ಬಳಲಿಕೆಯಿಂದ ಸೀಳುವುದೂ ನಿಜ. ಕ್ಯಾಮ್ ಸೌಮ್ಯವಾಗಿರಲಿ. ಹತ್ತಿಪ್ಪತ್ತು ಅಶ್ವಶಕ್ತಿಯ ಆಸೆಗೆ ಇಡೀ ಹೆಡ್ಡನ್ನು ಅಡವಿಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹೊಸ ಎಂಜಿನ್ನುಗಳು ಈ ಜಗಳದಿಂದಲೇ ಹೊರಬಿದ್ದಿವೆ. ಮರ್ಕ್ಯುರಿ 2010ರಲ್ಲಿ ತಂದ 1,350 ಅಶ್ವಶಕ್ತಿಯ ಪಂದ್ಯದ ಎಂಜಿನ್ನಿನಲ್ಲಿ ಕ್ಯಾಮುಗಳು ಹೆಡ್ಡಿನ ಮೇಲೆಯೇ ಇವೆ, ಪುಶ್‌ರಾಡ್ ಎಂಬುದೇ ಇಲ್ಲ. ಆದರೆ ಕೈಯಿಂದ ಕೈಗೆ ದಾಟಿ ನಮ್ಮ ಕರಾವಳಿಗೆ ಬರುವುದು ಹಳೆಯವೇ.

ಮೇಸ್ತ್ರಿ ಕೊನೆಗೆ ಸ್ಪ್ರಿಂಗ್ ನೋಡಿದರು. ಅವರ ಲೇಥ್ ಹರಿಹರದ್ದು, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕೂಸು. ಕಾರ್ಖಾನೆ ಬಾಗಿಲು ಹಾಕಿಕೊಂಡರೂ ಲೇಥ್ ಇನ್ನೂ ತಿರುಗುತ್ತಿದೆ. ಸ್ಪ್ರಿಂಗಿನ ಒತ್ತಡ ಅಳೆಯುವ ಯಂತ್ರ ಮಾತ್ರ ಅಂಗಡಿಯಲ್ಲಿಲ್ಲ. ಹೊಸದಾಗಿ ತರಿಸಿದ ಸ್ಪ್ರಿಂಗ್ ಒಂದನ್ನೂ ಬಿಚ್ಚಿದ ಸ್ಪ್ರಿಂಗ್ ಒಂದನ್ನೂ ತುದಿಗೆ ತುದಿ ಹಚ್ಚಿ, ನಡುವೆ ತಗಡಿನ ಬಿಲ್ಲೆಯಿಟ್ಟು, ವೈಸಿನಲ್ಲಿ ಮೆಲ್ಲಗೆ ಬಿಗಿದರು. ಎರಡರ ಮೇಲೂ ಒಂದೇ ಒತ್ತಡ. ಸೋತದ್ದು ಹೆಚ್ಚು ಕುಗ್ಗಬೇಕು. ಹಿಡಿ ಎರಡು ಸುತ್ತು ತಿರುಗುವಷ್ಟರಲ್ಲಿ ಹಳೆಯದರ ಸುರುಳಿಗಳು ಒಂದಕ್ಕೊಂದು ತಾಗತೊಡಗಿದವು, ಹೊಸದರ ನಡುವೆ ಬೆಳಕು ಕಾಣುತ್ತಿತ್ತು. ಹದಿನಾರನ್ನೂ ಹೀಗೆ ಪರೀಕ್ಷಿಸಿ ಹನ್ನೊಂದನ್ನು ಗುಜರಿ ಡಬ್ಬಿಗೆ ಹಾಕಿದರು. ಉಳಿದ ಐದನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿ, ಅವನ್ನೂ ಅದೇ ಡಬ್ಬಿಗೆ ಹಾಕಿದರು.

ಆಮೇಲೆ ಮಾಲೀಕರಿಗೆ ಫೋನ್ ಮಾಡಿ ಕೇಳಿದರು: “ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಸ್ವಾಮಿ?” ಆ ಕಡೆಯಿಂದ ಬಂದ ಉತ್ತರ, ಗಂಟೆಯ ಮೀಟರ್ ಕೆಟ್ಟು ಮೂರು ವರ್ಷವಾಯಿತು.