ಮರಿ ಗಾಡಿ ಹತ್ತುವ ಮೊದಲು

ಬಾಳೆಹಣ್ಣಿನ ರಟ್ಟಿನ ಡಬ್ಬ. ಪಕ್ಕದಲ್ಲಿ ನಾಲ್ಕು ತೂತು, ಒಳಗೊಂದು ಹಳೇ ಟವೆಲ್, ಅದರ ಮೇಲೆ ಮೂರು ನಾಯಿಮರಿ. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿದವು. ಹಿಂದಿನ ದಿನ ಮಧ್ಯಾಹ್ನವಷ್ಟೇ ವಾಟ್ಸಾಪ್ ಗ್ರೂಪಿಗೆ ವಿಡಿಯೊ ಬಂದಿತ್ತು. 'ಅಮ್ಮ ಲಾರಿಗೆ ಸಿಕ್ಕಿ ಸತ್ತಿದೆ. ಮರಿಗಳಿಗೆ ಮನೆ ಬೇಕು. ಅರ್ಜೆಂಟ್.' ಸಂಜೆಯೊಳಗೆ ಮನೆಯೂ ಸಿಕ್ಕಿತು, ಬಸ್ಸೂ ಸಿಕ್ಕಿತು. ಮೂರರಲ್ಲಿ ಒಂದನ್ನು ಮನೆಗೆ ತಂದವನು ನಾನು.

ಮೊದಲ ದಿನ ಮಲಗಿಯೇ ಇತ್ತು. ಪ್ರಯಾಣದ ಸುಸ್ತು ಅಂದುಕೊಂಡೆವು. ಎರಡನೇ ದಿನ ಮೊಸರನ್ನ ಮೂಸಿ ಮುಖ ತಿರುಗಿಸಿತು. ಹೊಸ ಜಾಗ ಅಲ್ವಾ, ಸರಿಹೋಗುತ್ತೆ ಅಂದೆವು. ಮೂರನೇ ದಿನ ಬೆಳಿಗ್ಗೆ ಬಿಳಿ ನೊರೆ ವಾಂತಿ, ಮಧ್ಯಾಹ್ನಕ್ಕೆ ರಕ್ತಭೇದಿ. ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯಲ್ಲಿ ಮಲದ ಮಾದರಿ ತೆಗೆದು ಸಣ್ಣ ಪ್ಲಾಸ್ಟಿಕ್ ಕಿಟ್ ಮೇಲೆ ಎರಡು ಹನಿ ಬಿಟ್ಟರು. ಎರಡು ಗೆರೆ ಮೂಡಿದವು. ಕರುಳನ್ನು ಹಿಡಿದು ಮರಿಗಳನ್ನು ಕೊಲ್ಲುವ ವೈರಸ್ ಕಾಯಿಲೆ, ಪಾರ್ವೊ. ಮೈಯಲ್ಲಿನ ನೀರೆಲ್ಲ ಹೋಗಿದ್ದರಿಂದ ಡ್ರಿಪ್ ಹಾಕಲು ಮುಂಗಾಲಿನ ನರವೇ ಸಿಗುತ್ತಿರಲಿಲ್ಲ. ಐದನೇ ದಿನ ಸತ್ತಿತು. ಉಳಿದೆರಡರಲ್ಲಿ ಒಂದು ಬದುಕಿತು.

ಡಬ್ಬ ಕಟ್ಟಿ ಕಳಿಸಿದಾಕೆ ನನಗಿಂತ ಜಾಸ್ತಿ ನಾಯಿಗಳನ್ನು ಪ್ರೀತಿಸುವವಳು. ಬೈಯಲು ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಆದರೆ ಲೆಕ್ಕ ತಪ್ಪಿತ್ತು. ಪಾರ್ವೊ ವೈರಸ್ ಒಳಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು, ಕೆಲವೊಮ್ಮೆ ಹದಿನಾಲ್ಕು. ವಾಂತಿ ಶುರುವಾಗುವ ಮೊದಲೇ ಮಲದಲ್ಲಿ ವೈರಸ್ ಹೊರಬರುತ್ತಿರುತ್ತದೆ. ಅಂದರೆ ವಿಡಿಯೊದಲ್ಲಿ ಬಾಲ ಆಡಿಸುತ್ತಿದ್ದ ಮರಿಗೆ ರೋಗ ಆಗಲೇ ತಗುಲಿತ್ತು. ಡಬ್ಬದಲ್ಲಿ ಒಂದರ ಮೈಮೇಲೊಂದು ಮಲಗಿ ಬಂದ ಮೂರಕ್ಕೂ ಅದು ಹಂಚಿಕೆಯಾಗಲು ಒಂದು ರಾತ್ರಿ ಸಾಕು. ಆ ಹದಿನಾಲ್ಕು ದಿನ ಅಲ್ಲೇ ಇಟ್ಟುಕೊಂಡು ನೋಡಿದ್ದರೆ ಮರಿ ಉಳಿಯುತ್ತಿತ್ತೋ ಇಲ್ಲವೋ ಹೇಳಲಾರೆ. ಬಸ್ಸಂತೂ ಹತ್ತುತ್ತಿರಲಿಲ್ಲ.

ನಾಯಿಗಳನ್ನು ಉಳಿಸಲು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸಾಗಿಸುವ ಕತೆಯಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಗಾಡಿ ಮುಂದೆ, ರೋಗದ ಲಕ್ಷಣ ಹಿಂದೆ.

ಪಾರ್ವೊ ಎಂಬ ರೋಗವೇ ಹಳೆಯದಲ್ಲ. ನಮ್ಮ ಅಜ್ಜಂದಿರ ಕಾಲದ ನಾಯಿಗಳಿಗೆ ಇದು ಗೊತ್ತೇ ಇರಲಿಲ್ಲ. ಬೆಕ್ಕುಗಳಿಗೆ ಬರುವ ಒಂದು ವೈರಸ್ಸಿನ ಹತ್ತಿರದ ಸಂಬಂಧಿ ಇದು. ನಾಯಿಗಳಲ್ಲಿ ಬೇರೂರಿದ್ದು 1978ರ ಹೊತ್ತಿಗೆ. ಎರಡೇ ವರ್ಷದಲ್ಲಿ ಜಗತ್ತಿನ ಎಲ್ಲ ಕಡೆ ಹಬ್ಬಿತು. ಯಾವ ನಾಯಿಯ ಮೈಯಲ್ಲೂ ಅದನ್ನು ತಡೆಯುವ ಶಕ್ತಿ ಇರಲಿಲ್ಲ. 1980ರ ದಶಕದ ಶುರುವಿನಲ್ಲೇ ಮದ್ರಾಸಿನಲ್ಲೂ ಪತ್ತೆಯಾಯಿತು. ಅಷ್ಟು ಬೇಗ ಹೇಗೆ ಓಡಾಡಿತು? ಈ ವೈರಸ್ಸಿಗೆ ನಾಯಿಯೇ ಬೇಕೆಂದಿಲ್ಲ. ಚಪ್ಪಲಿ, ತಟ್ಟೆ, ಪಂಜರ, ಟವೆಲ್, ಯಾವುದಾದರೂ ಸರಿ. ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಉಳಿಯುತ್ತದೆ. ಸೋಪು, ಫಿನಾಯಿಲ್ ನಂಬಿ ಕೂರುವಂತಿಲ್ಲ. ಬ್ಲೀಚ್ ಬೇಕು, ಒಂದು ಪಾಲಿಗೆ ಮೂವತ್ತು ಪಾಲು ನೀರು, ಹತ್ತು ನಿಮಿಷ ಹಾಗೇ ಬಿಡಬೇಕು.

ಲಸಿಕೆ ಇದೆಯಲ್ಲ ಅನ್ನಬಹುದು. ಇದೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆ ಹತ್ತುವುದಿಲ್ಲ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಎಂದು ಹೇಳಲಾಗದು. ಒಂದೇ ಹೊಟ್ಟೆಯ ಮರಿಗಳಲ್ಲೂ ಬೇರೆ ಬೇರೆ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರ ದಾಟುವವರೆಗೆ ಚುಚ್ಚಿಸಬೇಕು. ಗ್ರೂಪುಗಳಲ್ಲಿ ಬರುವ 'ವ್ಯಾಕ್ಸಿನೇಟೆಡ್' ಎಂಬ ಪದದ ಅರ್ಥ ಎಷ್ಟೋ ಸಲ ನಿನ್ನೆ ಒಂದು ಇಂಜೆಕ್ಷನ್ ಆಗಿದೆ ಎಂದಷ್ಟೇ.

ಸಾಗಣೆಯನ್ನೇ ಒಂದು ದೊಡ್ಡ ವ್ಯವಸ್ಥೆ ಮಾಡಿಕೊಂಡದ್ದು ಅಮೆರಿಕ. ಅಲ್ಲಿನ ಉತ್ತರದ ರಾಜ್ಯಗಳಲ್ಲಿ ಸಂತಾನಹರಣ ಚಿಕಿತ್ಸೆ ಎಷ್ಟು ಯಶಸ್ವಿಯಾಯಿತೆಂದರೆ, ಶೆಲ್ಟರುಗಳಲ್ಲಿ ಮರಿಗಳೇ ಅಪರೂಪವಾದವು. ದಕ್ಷಿಣದಲ್ಲಿ ಉಲ್ಟಾ. ಜಾಗವಿಲ್ಲದೆ ದಯಾಮರಣ ಕೊಡುತ್ತಿದ್ದರು. ಇಲ್ಲಿ ಜಾಸ್ತಿ, ಅಲ್ಲಿ ಕಡಿಮೆ, ನಡುವೆ ಹೆದ್ದಾರಿ. ವ್ಯಾನುಗಳು ಓಡತೊಡಗಿದವು. ಲಕ್ಷಾಂತರ ನಾಯಿಗಳ ಜೀವ ಉಳಿದದ್ದು ಹೀಗೆಯೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೆದ್ದಾರಿ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ವ್ಯಾನಿನಿಂದ ಇಳಿಸಿ, ಕಾದು ನಿಂತ ಕುಟುಂಬದ ಕೈಗೆ ಮರಿ ಕೊಟ್ಟು ಮುಂದಿನ ಊರಿಗೆ ಹೊರಡುವ ಪದ್ಧತಿಯೂ ಬೆಳೆಯಿತು. ರೋಗ ಕಾಣಿಸಿಕೊಳ್ಳುವ ಹೊತ್ತಿಗೆ ವ್ಯಾನು ಮೂರು ರಾಜ್ಯ ದಾಟಿರುತ್ತಿತ್ತು. 2005ರ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತುರ್ತು ಆದೇಶ ಹೊರಡಿಸಿತು: ದತ್ತು ಕೊಡಲು ಹೊರಗಿಂದ ತರುವ ನಾಯಿಯನ್ನು 48 ಗಂಟೆ ಬೇರೆ ಇಡಬೇಕು, ಪಶುವೈದ್ಯರು ನೋಡಬೇಕು. ಪಾರ್ವೊ ಲೆಕ್ಕಕ್ಕೆ 48 ಗಂಟೆ ಏನೇನೂ ಸಾಲದು. ಆದರೂ ಕಾಯಲೇಬೇಕು ಎಂದು ಒಂದು ಸರ್ಕಾರ ಹೇಳಿತಲ್ಲ.

ಅದಾದ ಮೂರೇ ತಿಂಗಳಿಗೆ ಕತ್ರಿನಾ ಚಂಡಮಾರುತ. ಆಗಸ್ಟ್ 29ಕ್ಕೆ ಲೂಸಿಯಾನಾ ತೀರಕ್ಕೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ಮುಳುಗಿತು. ಜನರನ್ನು ದೋಣಿಗೆ ಹತ್ತಿಸಿಕೊಂಡರು, ನಾಯಿಗಳನ್ನು ಬಿಟ್ಟು ಬನ್ನಿ ಎಂದರು. ಮಾಳಿಗೆಯ ಮೇಲೆ ನಿಂತ ನಾಯಿಗಳ ಚಿತ್ರ ದೇಶವನ್ನೇ ಅಲ್ಲಾಡಿಸಿತು. ಸಾವಿರಾರು ನಾಯಿಗಳನ್ನು ನೀರಿನಿಂದ ಎತ್ತಿ ಮೂಲೆಮೂಲೆಯ ಊರುಗಳಿಗೆ ಕಳಿಸಿದರು. ಆಮೇಲೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹಾರ್ಟ್‌ವರ್ಮ್ ಇತ್ತು. ಇದು ಸೊಳ್ಳೆಯಿಂದ ಹರಡುವ ಹುಳು. ಹೃದಯ ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಶ್ಯಾವಿಗೆಯ ಹಾಗೆ ಸುತ್ತಿಕೊಂಡು ಒಂದಡಿಯವರೆಗೆ ಬೆಳೆಯುತ್ತದೆ. ಸೋಂಕು ತಗುಲಿ ಆರೇಳು ತಿಂಗಳಾಗುವವರೆಗೆ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಹುಳು ಹೊತ್ತ ನಾಯಿ ಹೊಸ ಊರಿಗೆ ಹೋದರೆ ಅಲ್ಲಿನ ಸೊಳ್ಳೆ ಮಿಕ್ಕ ಕೆಲಸ ನೋಡಿಕೊಳ್ಳುತ್ತದೆ. ಹೌದು, ಹದಿನಾಲ್ಕು ದಿನ ಕಾದರೂ ಇದು ತಪ್ಪುತ್ತಿರಲಿಲ್ಲ. ಇಲ್ಲಿ ಬೇಕಿದ್ದದ್ದು ಆರು ತಿಂಗಳ ಮೇಲೆ ಇನ್ನೊಂದು ಪರೀಕ್ಷೆ. ಪ್ರವಾಹದ ಗಡಿಬಿಡಿಯಲ್ಲಿ ಅದನ್ನು ನೆನಪಿಸುವವರು ಯಾರು?

ಆಮೇಲೆ ಸಾಗಣೆ ಸಮುದ್ರ ದಾಟಿತು. 2015ರ ವಸಂತದಲ್ಲಿ ಶಿಕಾಗೊದ ನಾಯಿಗಳು ಇದ್ದಕ್ಕಿದ್ದಂತೆ ಕೆಮ್ಮತೊಡಗಿದವು. ಸಾವಿರಕ್ಕೂ ಹೆಚ್ಚು ನಾಯಿ ಮಲಗಿದವು. ಅದು ಎಚ್3ಎನ್2 ಎಂಬ ವೈರಸ್ಸಿನಿಂದ ಬರುವ ನಾಯಿ ಫ್ಲೂ ಜ್ವರ. ಅಲ್ಲಿಯವರೆಗೆ ಏಷ್ಯಾ ಬಿಟ್ಟು ಹೊರಬಂದಿರಲಿಲ್ಲ, ಕೊರಿಯಾದ ತಳಿಗೆ ಬಹಳ ಹತ್ತಿರವಿತ್ತು. ಯಾವ ನಾಯಿ ತಂದಿತು ಎಂದು ಬೊಟ್ಟುಮಾಡಲು ಆಗಲಿಲ್ಲ. ಆದರೆ 2018ರ ಜನವರಿಯಲ್ಲಿ ಕೆನಡಾದ ವಿಂಡ್ಸರ್ ಬಳಿ ಅದೇ ಜ್ವರ ಬಂದಾಗ ಮೂಲ ಸ್ಪಷ್ಟವಾಗಿತ್ತು: ದಕ್ಷಿಣ ಕೊರಿಯಾದಿಂದ ರಕ್ಷಿಸಿ ತಂದ ಎರಡು ನಾಯಿ. ಅಲ್ಲಿ ಮಾತ್ರ ಎಲ್ಲರೂ ಕೂಡಲೇ ಎಚ್ಚೆತ್ತರು. ಸೋಂಕಿತ ನಾಯಿಗಳನ್ನೂ ಅವುಗಳ ಜೊತೆ ಆಡಿದ ನಾಯಿಗಳನ್ನೂ ವಾರಗಟ್ಟಲೆ ಮನೆಯಲ್ಲೇ ಇಟ್ಟರು. ಜ್ವರ ಆ ವರ್ಷವೇ ಅಲ್ಲಿಗೆ ನಿಂತಿತು. ಶಿಕಾಗೊದ್ದು ನಿಲ್ಲಲಿಲ್ಲ, ದೇಶವೆಲ್ಲ ಸುತ್ತಿತು.

ಜ್ವರ ಹೋಗಲಿ, ರೇಬೀಸ್ ಹಾಗಲ್ಲ. ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ತಮ್ಮಲ್ಲಿ ಇಲ್ಲವಾಗಿದೆ ಎಂದು ಅಮೆರಿಕ 2007ರಲ್ಲಿ ಘೋಷಿಸಿತ್ತು. 2015ರಲ್ಲಿ ಈಜಿಪ್ಟಿನಿಂದ ನ್ಯೂಯಾರ್ಕಿಗೆ ಎಂಟು ನಾಯಿ, 27 ಬೆಕ್ಕು ವಿಮಾನದಲ್ಲಿ ಬಂದವು. ಅದರಲ್ಲಿ ಕಾಲು ಮುರಿದ ಒಂದು ನಾಯಿ ವರ್ಜೀನಿಯಾಕ್ಕೆ ಹೋಯಿತು. ಕೆಲವೇ ದಿನಕ್ಕೆ ಜೊಲ್ಲು ಸುರಿಸತೊಡಗಿತು. ರೇಬೀಸ್. ವಿಚಾರಿಸಿದರೆ ಲಸಿಕೆಯ ಸರ್ಟಿಫಿಕೇಟೇ ಸುಳ್ಳು. 2017ರಲ್ಲಿ ಮತ್ತೆ ಈಜಿಪ್ಟಿನ ನಾಯಿ, ಈ ಸಲ ಕನೆಕ್ಟಿಕಟ್‌ನಲ್ಲಿ. 2019ರಲ್ಲಿ ಕನ್ಸಾಸ್: ಈಜಿಪ್ಟಿನಿಂದ ಬಂದ 26 ನಾಯಿಗಳಲ್ಲಿ ಒಂದಕ್ಕೆ ರೇಬೀಸ್. ಆ ಒಂದರಿಂದ 44 ಜನ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು.

2021ರ ಜೂನ್‌ನಲ್ಲಿ ಅಜರ್‌ಬೈಜಾನಿನಿಂದ ಶಿಕಾಗೊಗೆ 33 ನಾಯಿ, ಒಂದು ಬೆಕ್ಕು ಬಂದವು. ಕಾಗದಪತ್ರವೆಲ್ಲ ಸರಿಯಿತ್ತು. ಇಳಿದ ಕೂಡಲೇ ಒಂಬತ್ತು ರಾಜ್ಯಗಳಿಗೆ ಹಂಚಿಹೋದವು. ಮೂರನೇ ದಿನ ಪೆನ್ಸಿಲ್ವೇನಿಯಾದಲ್ಲಿ ಒಂದಕ್ಕೆ ಲಕ್ಷಣ ಶುರುವಾಯಿತು. ಮಿಕ್ಕವನ್ನು ಹುಡುಕಿ ರಕ್ತ ಪರೀಕ್ಷೆ ಮಾಡಿದರೆ, ಸುಮಾರು ಅರ್ಧದಷ್ಟರಲ್ಲಿ ಸಾಕಷ್ಟು ರಕ್ಷಣೆಯೇ ಇರಲಿಲ್ಲ. ಸರ್ಟಿಫಿಕೇಟ್ ಇತ್ತು, ರಕ್ಷಣೆ ಇರಲಿಲ್ಲ. ಮುಂದಿನ ತಿಂಗಳು, ಜುಲೈ 14ರಿಂದ, ನೂರಕ್ಕೂ ಹೆಚ್ಚು ದೇಶಗಳ ನಾಯಿಗಳಿಗೆ ಅಮೆರಿಕ ಬಾಗಿಲು ಹಾಕಿತು. ಆ ಪಟ್ಟಿಯಲ್ಲಿ ಭಾರತವೂ ಇತ್ತು.

ಇಲ್ಲಿಂದ ನಮ್ಮ ಕತೆಯೂ ಸೇರಿಕೊಳ್ಳುತ್ತದೆ. ಕೆಲಸ ಬದಲಾಗಿ ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಟವರು ಸಾಕಿದ ನಾಯಿಯನ್ನು ಅಪ್ಪ ಅಮ್ಮನ ಮನೆಯಲ್ಲಿ ಬಿಟ್ಟು ಹೋಗಬೇಕಾಯಿತು. ನಮ್ಮ ಬೀದಿ ನಾಯಿಗಳಿಗೆ ಹೊರದೇಶದಲ್ಲಿ ಮನೆ ಹುಡುಕುತ್ತಿದ್ದವರ ಕೈಕಟ್ಟಿತು. 2022ರ ಸೆಪ್ಟೆಂಬರ್ 28ರಿಂದ ಕೆನಡಾ ಕೂಡ ರೇಬೀಸ್ ಅಪಾಯದ ದೇಶಗಳಿಂದ ದತ್ತು ಕೊಡಲು ತರುವ ನಾಯಿಗಳನ್ನು ನಿಲ್ಲಿಸಿತು. ಅಲ್ಲೂ ಭಾರತ ಪಟ್ಟಿಯಲ್ಲಿದೆ. ಅಮೆರಿಕ 2024ರ ಆಗಸ್ಟ್ 1ರಿಂದ ಬಾಗಿಲು ಕೊಂಚ ತೆರೆದಿದೆ. ಆದರೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ನಮ್ಮಂಥ ದೇಶದಲ್ಲಿ ರೇಬೀಸ್ ಲಸಿಕೆ ಹಾಕಿಸಿದ ನಾಯಿಗೆ ರಕ್ಷಣೆ ಇದೆಯೆಂದು ತೋರಿಸುವ ರಕ್ತ ಪರೀಕ್ಷೆಯ ವರದಿ ಬೇಕು. ಇಲ್ಲದಿದ್ದರೆ ಅಲ್ಲಿ ಇಳಿದ ಮೇಲೆ 28 ದಿನ ಸ್ವಂತ ಖರ್ಚಿನಲ್ಲಿ ಕ್ವಾರಂಟೈನ್. ಯಾರೋ ಕಾಯದೆ ಬಿಟ್ಟ ದಿನಗಳನ್ನು ಈಗ ಎಲ್ಲರೂ ಕಾಯಬೇಕು. ಸರಿಯಾಗಿ ನಡೆದುಕೊಂಡವರಿಗೂ ಬಿಡುಗಡೆಯಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮ ದೇಶದೊಳಗೆ ನಿಯಮವೇ ಇಲ್ಲ ಅಂದುಕೊಳ್ಳಬೇಡಿ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ, ಬೆಕ್ಕುಗಳಿಗೆಂದೇ ಒಂದು ಅಧ್ಯಾಯವಿದೆ. ಪ್ರಯಾಣಕ್ಕೆ ಯೋಗ್ಯ, ಸಾಂಕ್ರಾಮಿಕ ರೋಗದ ಲಕ್ಷಣವಿಲ್ಲ ಎಂದು ಪಶುವೈದ್ಯರ ಸರ್ಟಿಫಿಕೇಟ್ ಇರಬೇಕು. ಅದಿಲ್ಲದಿದ್ದರೆ ಸಾಗಿಸುವವನು ಒಪ್ಪಿಕೊಳ್ಳಬಾರದು. ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ ನೀರು. ಮರಿಗಳಿಗೆ ನಾಲ್ಕು ಗಂಟೆಗೊಮ್ಮೆ ಊಟ. ಪಾರ್ವೊ ಬೇರೂರಿದ ಹೊತ್ತಿಗೇ ಬಂದ ನಿಯಮ, ಸುಮ್ನೆ ಕಾಕತಾಳೀಯ. ರಾತ್ರಿ ಬಸ್ಸಿನ ಕ್ಲೀನರ್‌ಗೆ ಇನ್ನೂರು ರೂಪಾಯಿ ಕೊಟ್ಟು ಡಬ್ಬ ಇಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ನನಗೂ ಆಗಿರಲಿಲ್ಲ.

ಇನ್ನೊಂದು ಬಗೆಯ ಸಾಗಣೆ ನಮ್ಮಲ್ಲೇ ಹೆಚ್ಚು. ಬಡಾವಣೆಯ ನಾಯಿಗಳನ್ನು 'ರಕ್ಷಿಸಿ' ಊರಾಚೆ, ಕಾಡಂಚಿನಲ್ಲಿ ಬಿಟ್ಟು ಬರುವುದು. ಇಲ್ಲಿ ಭಯ ಡಿಸ್ಟೆಂಪರ್ ಎಂಬ ಇನ್ನೊಂದು ನಾಯಿ ವೈರಸ್ಸಿನದು. ಈ ವೈರಸ್ ನಾಯಿಗಳಲ್ಲೇ ನಿಲ್ಲುವುದಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೂರರಲ್ಲೊಂದು ಪಾಲು ಸಿಂಹಗಳನ್ನು ಕೊಂದಿತು. ಅಲ್ಲಿನ ಊರುಗಳ ನಾಯಿಗಳಿಂದ ಬಂದಿದ್ದು ಅಂತ ಅಧ್ಯಯನ ಮಾಡಿದವರ ಅಂದಾಜು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ವೈರಸ್ ಸಿಕ್ಕಿತು. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ನಾಯಿ ಇಳಿಸಿ ಬರುವವರು ಹುಲಿ, ಸೀಳುನಾಯಿಗಳ ಮನೆಬಾಗಿಲಿಗೆ ಏನು ಇಳಿಸುತ್ತಿದ್ದೇವೆ ಎಂದು ನೋಡಿರುವುದಿಲ್ಲ.

ಹಾಗಾದರೆ ಮರಿಗಳನ್ನು ಸಾಗಿಸಲೇಬಾರದೇ? ಸಾಗಿಸುವವರಿದ್ದಾರೆ, ಚೆನ್ನಾಗಿಯೇ. ನನಗೆ ಗೊತ್ತಿರುವ ಒಬ್ಬ ಫಾಸ್ಟರ್ ಅಕ್ಕ, ಅಂದರೆ ಮನೆ ಸಿಗುವವರೆಗೆ ಮರಿ ನೋಡಿಕೊಳ್ಳುವವರು, ಹೊಸ ಮರಿಯನ್ನು ಮಹಡಿಯ ಕೋಣೆಯಲ್ಲಿ ಎರಡು ವಾರ ಇಡುತ್ತಾರೆ. ಆ ಕೋಣೆಗೆಂದೇ ಬೇರೆ ಚಪ್ಪಲಿ, ಬೇರೆ ನೈಟಿ, ಬೇರೆ ತಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಮೂರು ಗುರುತು: ತಿಂದಿತೇ, ಕಕ್ಕ ಹೇಗಿತ್ತು, ಜ್ವರ ಎಷ್ಟು. 'ನೀವು ಕಲ್ಲು ಮನಸ್ಸಿನವರು, ಮನೆ ಕಾಯ್ತಾ ಇದೆ, ಕಳಿಸೋದಿಲ್ಲ ಅಂತೀರಿ' ಎಂದು ಬೈಸಿಕೊಂಡಿದ್ದೂ ಇದೆಯಂತೆ.

ನನ್ನ ಬಾಲ್ಕನಿಯನ್ನು ಆವತ್ತು ಮೂರು ಸಲ ಬ್ಲೀಚ್ ಹಾಕಿ ತೊಳೆದೆ. ಇನ್ನು ಒಂದು ವರ್ಷ ಲಸಿಕೆ ಮುಗಿಯದ ಮರಿ ತರಬೇಡಿ ಎಂದಿದ್ದರು ಡಾಕ್ಟರು. ವರ್ಷ ಕಳೆಯಿತು. ಹೋದ ವಾರ ಗ್ರೂಪಿನಲ್ಲಿ ಮತ್ತೊಂದು ವಿಡಿಯೊ, ಎರಡು ಮರಿ, ಒಂದು ಕಂದು, ಒಂದು ಕಪ್ಪು. ಯಾವಾಗ ಸಿಕ್ಕಿದ್ದು, ಲಸಿಕೆ ಕಾರ್ಡಿನ ಫೋಟೊ ಹಾಕ್ತೀರಾ ಎಂದು ಕೇಳಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು.

'ಇವತ್ತೇ ಸಿಕ್ಕಿದ್ದು ಸರ್. ಕಾರ್ಡ್ ಇಲ್ಲ. ಬಸ್ ಹೊರಟಾಯ್ತು, ಬೆಳಿಗ್ಗೆ ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಳ್ಳೋಕೆ ಯಾರಾದ್ರೂ ಇದ್ದೀರಾ?'