ಅಮೆರಿಕನ್ ಲೀಗ್ ಒಂದು ಕಾಲದಲ್ಲಿ ಮೈನರ್ ಲೀಗ್ ಆಗಿತ್ತಾ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಯಾಂಕೀಸ್, ಟೈಗರ್ಸ್‌ನಂಥ ತಂಡಗಳು ಆಡುವ ಅಮೆರಿಕನ್ ಲೀಗ್ ಶುರುವಿನಲ್ಲಿ ಮೈನರ್ ಲೀಗ್ ಆಗಿತ್ತು ಅಂತಾರೆ. ನಿಜವಾ? ನಿಜವಾದರೆ ಅದು ಮೇಜರ್ ಆಗಿದ್ದು ಹೇಗೆ?

ಉತ್ತರ: ನಿಜ. 1899ರವರೆಗೆ ಅದರ ಹೆಸರು ವೆಸ್ಟರ್ನ್ ಲೀಗ್.

ಮೊದಲು ಮೈನರ್ ಅಂದರೆ ಏನು ಅಂತ ನೋಡೋಣ. ಕ್ರಿಕೆಟ್‌ಗೆ ನಮ್ಮಲ್ಲಿ ಬಿಸಿಸಿಐ ಇರುವ ಹಾಗೆ ಅಲ್ಲಿ ಎಲ್ಲರ ಮೇಲೂ ಒಂದೇ ಮಂಡಳಿ ಇರಲಿಲ್ಲ. ಪ್ರತಿ ಲೀಗೂ ತಂಡಗಳ ಮಾಲೀಕರು ಸೇರಿ ಕಟ್ಟಿಕೊಂಡ ವ್ಯಾಪಾರ. ಒಬ್ಬರ ಆಟಗಾರರನ್ನು ಇನ್ನೊಬ್ಬರು ಎಳೆದುಕೊಳ್ಳಬಾರದು ಎಂದು 1883ರಲ್ಲಿ ನ್ಯಾಷನಲ್ ಲೀಗ್, ಅಮೆರಿಕನ್ ಅಸೋಸಿಯೇಷನ್ ಮತ್ತು ನಾರ್ತ್‌ವೆಸ್ಟರ್ನ್ ಲೀಗ್ ಒಂದು ಒಪ್ಪಂದ ಮಾಡಿಕೊಂಡವು. 1890ರ ದಶಕದ ಹೊತ್ತಿಗೆ ಇಂಥ ಒಪ್ಪಂದದಲ್ಲಿ ದೊಡ್ಡವರ, ಅಂದರೆ ಮೇಜರ್ ಎನಿಸಿಕೊಂಡ ನ್ಯಾಷನಲ್ ಲೀಗಿನ ಕೈ ಮೇಲಾಗಿತ್ತು. ಗೊತ್ತುಮಾಡಿದ ಬೆಲೆ ಕೊಟ್ಟರೆ ಸಾಕು, ನ್ಯಾಷನಲ್ ಲೀಗಿನ ತಂಡ ಕೆಳಗಿನ ಲೀಗಿನಿಂದ ಆಟಗಾರನನ್ನು ಕರೆದುಕೊಂಡು ಹೋಗಬಹುದಿತ್ತು. ಕೊಡುವುದಿಲ್ಲ ಅನ್ನುವ ಹಾಗಿರಲಿಲ್ಲ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಆಟದ ಮಟ್ಟಕ್ಕಿಂತ ಈ ಕಟ್ಟುಪಾಡೇ ಒಂದು ಲೀಗನ್ನು ಮೈನರ್ ಆಗಿ ಉಳಿಸುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

1893ರ ನವೆಂಬರ್‌ನಲ್ಲಿ ವೆಸ್ಟರ್ನ್ ಲೀಗನ್ನು ಹೊಸದಾಗಿ ಕಟ್ಟಿದರು. ಅಧ್ಯಕ್ಷನಾದವನು ಬ್ಯಾನ್ ಜಾನ್ಸನ್, ಸಿನ್ಸಿನಾಟಿಯಲ್ಲಿ ಪತ್ರಿಕೆಗೆ ಕ್ರೀಡಾ ವರದಿ ಬರೆಯುತ್ತಿದ್ದವನು. ಅವನ ಹೆಸರು ಸೂಚಿಸಿದ್ದು ಅಲ್ಲಿನ ತಂಡದ ಮ್ಯಾನೇಜರ್ ಚಾರ್ಲ್ಸ್ ಕೊಮಿಸ್ಕಿ. 1894ರಲ್ಲಿ ಎಂಟು ತಂಡಗಳು ಆಡಿದವು: ಡೆಟ್ರಾಯಿಟ್, ಗ್ರ್ಯಾಂಡ್ ರ್‍ಯಾಪಿಡ್ಸ್, ಇಂಡಿಯಾನಾಪೊಲಿಸ್, ಕ್ಯಾನ್ಸಸ್ ಸಿಟಿ, ಮಿಲ್ವಾಕೀ, ಮಿನಿಯಾಪೊಲಿಸ್, ಸೂ ಸಿಟಿ, ಟೊಲೀಡೊ. ಆ ವರ್ಷ ಗೆದ್ದ ಸೂ ಸಿಟಿಯನ್ನು ಕೊಮಿಸ್ಕಿಯೇ ಕೊಂಡು ಸೇಂಟ್ ಪಾಲ್‌ಗೆ ಸಾಗಿಸಿದ. ಈ ಎಂಟು ಊರುಗಳಲ್ಲಿ ಇವತ್ತಿಗೂ ಅದೇ ತಂಡವನ್ನು ಉಳಿಸಿಕೊಂಡಿರುವುದು ಡೆಟ್ರಾಯಿಟ್ ಒಂದೇ.

ಜಾನ್ಸನ್ ಮಾಡಿದ ಕೆಲಸಗಳಲ್ಲಿ ನನಗೆ ಜಾಸ್ತಿ ಹಿಡಿಸುವುದು ಅಂಪೈರ್‌ಗಳ ಪರ ನಿಂತದ್ದು. ಆಗ ಅಂಪೈರ್‌ಗೆ ಬೈಯುವುದು, ಮೈಮೇಲೆ ಏರಿಹೋಗುವುದು ಎಲ್ಲ ಮಾಮೂಲಿ. ಜಾನ್ಸನ್ ಅಂಥವರಿಗೆ ದಂಡ ಹಾಕಿದ, ಪಂದ್ಯಗಳಿಂದ ಹೊರಗಿಟ್ಟ. ಹೆಂಗಸರು ಮಕ್ಕಳು ಕೂತು ನೋಡುವಂಥ ಆಟ ಆಗಬೇಕು ಅನ್ನುವುದು ಅವನ ಹಟ.

ಡ್ರಾಫ್ಟಿನ ಕಾಟ ಮಾತ್ರ ತಪ್ಪಲಿಲ್ಲ. ಜಾನ್ ಬ್ರಷ್ ಎಂಬ ಮಾಲೀಕನ ಕೈಯಲ್ಲಿ ನ್ಯಾಷನಲ್ ಲೀಗಿನ ಸಿನ್ಸಿನಾಟಿಯೂ ಇತ್ತು, ವೆಸ್ಟರ್ನ್ ಲೀಗಿನ ಇಂಡಿಯಾನಾಪೊಲಿಸ್ ಕೂಡ ಇತ್ತು. ಸಿನ್ಸಿನಾಟಿಯ ಹೆಸರಲ್ಲಿ ಎದುರಾಳಿ ತಂಡಗಳ ಆಟಗಾರರನ್ನು ಡ್ರಾಫ್ಟ್ ಮಾಡಿ, ಇಂಡಿಯಾನಾಪೊಲಿಸ್‌ಗೆ ಕಳಿಸುತ್ತಿದ್ದ. 1895, 1897, 1899ರಲ್ಲಿ ಇಂಡಿಯಾನಾಪೊಲಿಸ್ ಚಾಂಪಿಯನ್ ಆಯಿತು. ಉಳಿದವರಿಗೆ ಹೊಟ್ಟೆ ಉರಿಯದೆ ಇರುತ್ತದಾ?

ಅವಕಾಶ ತಾನಾಗಿಯೇ ಬಂತು. ಹನ್ನೆರಡು ತಂಡಗಳನ್ನು ಸಾಕಲಾಗದೆ ನ್ಯಾಷನಲ್ ಲೀಗ್ 1900ಕ್ಕೆ ಎಂಟಕ್ಕೆ ಇಳಿಯಿತು. ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ಲೂಯಿವಿಲ್, ವಾಷಿಂಗ್ಟನ್ ಊರುಗಳಿಗೆ ತಂಡ ಇಲ್ಲದಂತಾಯಿತು. ಜಾನ್ಸನ್ ಆಗಲೇ ಲೀಗಿನ ಹೆಸರನ್ನು ಅಮೆರಿಕನ್ ಲೀಗ್ ಎಂದು ಬದಲಿಸಿದ್ದ. ಕೊಮಿಸ್ಕಿಯ ತಂಡ ಷಿಕಾಗೊಗೆ ಹೋಯಿತು, ಇನ್ನೊಂದು ಕ್ಲೀವ್‌ಲ್ಯಾಂಡ್‌ಗೆ. 1900ರಲ್ಲಿ ಲೀಗ್ ಇನ್ನೂ ಮೈನರ್ ಆಗಿಯೇ ಇತ್ತು. 1901ಕ್ಕೆ ಜಾನ್ಸನ್ ಒಪ್ಪಂದದಿಂದ ಹೊರಗೆ ಬಂದು, ನಮ್ಮದೂ ಮೇಜರ್ ಲೀಗ್ ಎಂದು ಘೋಷಿಸಿದ. ಬಾಸ್ಟನ್, ಫಿಲಡೆಲ್ಫಿಯಾದಲ್ಲಿ ನ್ಯಾಷನಲ್ ಲೀಗಿಗೆ ಎದುರಾಗಿಯೇ ತಂಡ ನಿಲ್ಲಿಸಿದ.

ಆಟಗಾರರು ಯಾಕೆ ಬಂದರು? ಸಂಬಳಕ್ಕೆ. ನ್ಯಾಷನಲ್ ಲೀಗ್‌ನಲ್ಲಿ ವರ್ಷಕ್ಕೆ 2,400 ಡಾಲರ್ ಮಿತಿ ಇತ್ತು. ಇಲ್ಲಿ ಅದಕ್ಕಿಂತ ಜಾಸ್ತಿ ಕೊಟ್ಟರು. ಹೆಸರಾಂತ ಆಟಗಾರ ಸೈ ಯಂಗ್ ಬಾಸ್ಟನ್‌ಗೆ ಬಂದ. ಅಂಥ ಇನ್ನೊಬ್ಬ ಆಟಗಾರ ನ್ಯಾಪ್ ಲಾಜೊವೆ ಫಿಲಡೆಲ್ಫಿಯಾದಲ್ಲೇ ಹಳೇ ತಂಡ ಬಿಟ್ಟು ಹೊಸ ತಂಡ ಸೇರಿದ. 1902ರಲ್ಲಿ ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಕೋರ್ಟು ಅವನು ಹಳೇ ತಂಡ ಬಿಟ್ಟು ಬೇರೆಡೆ ಆಡಬಾರದು ಎಂದಿತು. ಆ ಆದೇಶ ರಾಜ್ಯದ ಗಡಿ ದಾಟುತ್ತಿರಲಿಲ್ಲ. ಅವನು ಕ್ಲೀವ್‌ಲ್ಯಾಂಡ್ ಸೇರಿದ. ತಂಡ ಫಿಲಡೆಲ್ಫಿಯಾಗೆ ಹೋದಾಗ ಜೊತೆಗೆ ಹೋಗುತ್ತಿರಲಿಲ್ಲ.

ಬಡ್ತಿ ಸಿಕ್ಕಿದ್ದು ಬಿಳಿಯರ ಆಟಕ್ಕೆ ಮಾತ್ರ ಅನ್ನುವುದನ್ನೂ ಹೇಳಲೇಬೇಕು. ಅಮೆರಿಕನ್ ಲೀಗಿನಲ್ಲಿ ಮೊದಲ ಕಪ್ಪು ಆಟಗಾರ ಲ್ಯಾರಿ ಡೋಬಿ ಕಣಕ್ಕಿಳಿದದ್ದು 1947ರಲ್ಲಿ.

1903ರಲ್ಲಿ ಎರಡೂ ಲೀಗುಗಳು ರಾಜಿಯಾದವು. ಅದೇ ವರ್ಷ ಎರಡೂ ಲೀಗುಗಳ ಚಾಂಪಿಯನ್ನರ ನಡುವೆ ನಡೆದ ವರ್ಲ್ಡ್ ಸೀರೀಸ್‌ನಲ್ಲಿ ಅಮೆರಿಕನ್ ಲೀಗಿನ ಬಾಸ್ಟನ್, ನ್ಯಾಷನಲ್ ಲೀಗಿನ ಪಿಟ್ಸ್‌ಬರ್ಗನ್ನು 5-3 ಪಂದ್ಯಗಳಿಂದ ಸೋಲಿಸಿತು. ಹಿಂದೆ ಬಿಟ್ಟುಹೋದ ಇಂಡಿಯಾನಾಪೊಲಿಸ್, ಕ್ಯಾನ್ಸಸ್ ಸಿಟಿ, ಮಿನಿಯಾಪೊಲಿಸ್, ಸೇಂಟ್ ಪಾಲ್, ಟೊಲೀಡೊ, ಮಿಲ್ವಾಕೀ ಊರುಗಳು 1902ರಲ್ಲೇ ಬೇರೆ ಊರುಗಳ ಜೊತೆ ಸೇರಿ ಅಮೆರಿಕನ್ ಅಸೋಸಿಯೇಷನ್ ಎಂಬ ಹಳೇ ಹೆಸರಿನದೇ ಹೊಸ ಮೈನರ್ ಲೀಗ್ ಕಟ್ಟಿಕೊಂಡಿದ್ದವು. 1903ರ ಹೊಸ ಒಪ್ಪಂದದಲ್ಲೂ ಡ್ರಾಫ್ಟ್ ಇತ್ತು. ಈ ಸಲ ಕೆಳಗಿನ ಲೀಗುಗಳಿಂದ ಆಟಗಾರರನ್ನು ಒಯ್ಯುವ ಹಕ್ಕು ಅಮೆರಿಕನ್ ಲೀಗಿಗೂ ಸಿಕ್ಕಿತು.